ಮಯೂರ್ ವಿಹಾರದ ನೀರ್ತೊಟ್ಟಿಗೆ ಬೆಳಕು ಹಾಕಿದ ಚಳಿಗಾಲ

ಶಾರ್ಟ್ ಸರ್ಕ್ಯೂಟ್ ಆಗಬಹುದಿತ್ತು. ಕಬ್ಬಿಣದ ಏಣಿಗೆ ಕರೆಂಟು ಇಳಿದು ಯಾರಾದರೂ ಅಂಟಿಕೊಳ್ಳಬಹುದಿತ್ತು. ತಾಮ್ರದ ತಂತಿಯನ್ನು ಯಾರೋ ಕತ್ತರಿಸಿ ಗುಜರಿಯವನಿಗೆ ಮಾರಬಹುದಿತ್ತು. ಕೋತಿಗಳು ಬಲ್ಬುಗಳನ್ನು ಹಣ್ಣೆಂದುಕೊಂಡು ಕೀಳಬಹುದಿತ್ತು. ಹಣ್ಣಲ್ಲವೆಂದು ಗೊತ್ತಾದ ಮೇಲೆ ಸಿಟ್ಟಿನಿಂದ ಇನ್ನಷ್ಟು ಕೀಳಬಹುದಿತ್ತು. ದಿಲ್ಲಿಯ ಮಂಜು ಇಡೀ ಜನವರಿ ಕವಿದುಕೊಂಡು ಕೃತಿಯೇ ಯಾರಿಗೂ ಕಾಣದೆ ಹೋಗಬಹುದಿತ್ತು. ಅಕ್ರಿಲಿಕ್ ಹಾಳೆ ಗಾಳಿಗೆ ಕಿತ್ತು ಯಾರದೋ ಹೊಸ ಕಾರಿನ ಮೇಲೆ ಕೂರಬಹುದಿತ್ತು. ಕುಡಿಯುವ ನೀರಿಗೆ ಕರೆಂಟು ಬೆರೆತಿದೆ ಎಂದು ವದಂತಿ ಹಬ್ಬಬಹುದಿತ್ತು. ಪೊಲೀಸರು ಬರಬಹುದಿತ್ತು. ವೈರಿಂಗ್ ಮಾಡುವ ಯೂನಸ್ ಭಾಯ್ ಮೇಲಿಂದ ಬೀಳಬಹುದಿತ್ತು. ನಾನೇ ಬೀಳಬಹುದಿತ್ತು. ಬಿದ್ದರೆ ಪತ್ರಿಕೆಯವರು 'ಕಲಾವಿದೆ' ಎಂದು ಬರೆಯುತ್ತಾರೋ 'ಮಹಿಳೆ' ಎಂದು ಬರೆಯುತ್ತಾರೋ ಎಂಬ ಚಿಂತೆಯೂ ನನಗಿತ್ತು.

ಬೆಳಕಿನ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಈಗ ನನ್ನನ್ನು ಕಂಡಾಗ, ನಿಮ್ಮ ಪ್ರೇರಣೆ ಏನು, ನಿಮ್ಮ ತತ್ವ ಏನು ಎಂದು ಕೇಳುತ್ತಾರೆ. ಮೇಲಿನ ಪ್ಯಾರಾವೇ ನನ್ನ ತತ್ವ. ನನ್ನ ತಲೆಯೊಳಗೆ ಒಬ್ಬ ಅಗ್ನಿಶಾಮಕ ಇನ್ಸ್‌ಪೆಕ್ಟರು ಬಾಡಿಗೆ ಕೊಡದೆ ವಾಸವಾಗಿದ್ದಾನೆ. ನನಗೀಗ ಐವತ್ತೆರಡು. ಕಲಾವಿದರಿಗೆ ನಿವೃತ್ತಿಯಿಲ್ಲ ಎನ್ನುತ್ತಾರೆ. ಅವರು ಏಣಿ ಹತ್ತುವ ಕಲಾವಿದರನ್ನು ನೋಡಿಲ್ಲ. ನನ್ನ ಮಂಡಿಗಳು ಎರಡು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟವು. ಅವುಗಳ ಹಿಂದೆ ನಾನೂ ಹೊರಬಂದೆ.

ಈ ವೃತ್ತಿಯಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದೆಲ್ಲ ಕಲಾಶಾಲೆಯಲ್ಲಿ ಕಲಿತದ್ದಲ್ಲ. ದಿಲ್ಲಿಯಲ್ಲಿ ಓದು ಮುಗಿಸಿದ ಮೇಲೆ ಇಂದಿರಾಪುರಂನಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಬಾಡಿಗೆ ಕಟ್ಟಲು ಛತ್ತರ್‌ಪುರದ ಫಾರ್ಮ್‌ಹೌಸುಗಳಲ್ಲಿ ಮದುವೆಗೆ ಲೈಟು ಹಾಕಿಸುವ ಭಾಟಿಯಾ ಎಂಬುವರ ಕೈಕೆಳಗೆ ಸೇರಿದೆ. ನನ್ನ ಜೀವನದಲ್ಲಿ ನಿಜವಾದ ಮೇಲಧಿಕಾರಿ ಎಂದರೆ ಅವರೊಬ್ಬರೇ. ದಪ್ಪ ಮನುಷ್ಯ, ಜೇಬಿನಲ್ಲಿ ಸದಾ ಸೋಂಪು. ಮಂಟಪದ ಎದುರು ಕುರ್ಚಿ ಹಾಕಿ ಕೂತು, ಎಲ್ಲಿಯಾದರೂ ಒಂದು ಸ್ಟೀಲ್ ಬಕೆಟ್ಟಿನ ಅಂಚು ಮಿಂಚಿದರೂ ಕೂಗುತ್ತಿದ್ದರು.

"ವೋ ಕ್ಯಾ ಚಮಕ್ ರಹಾ ಹೈ? ಹಟಾವೋ! ದುಲ್ಹನ್ ಆಜ್ ವೋ ಬಾಲ್ಟೀ ಹೈ ಕ್ಯಾ?"

ಇವತ್ತಿನ ಮದುಮಗಳು ಆ ಬಕೆಟ್ಟಾ ಎಂಬುದು ಅವರ ಪ್ರಶ್ನೆ. ಬೆಳಕಿನ ದಾರಿಯಲ್ಲಿ ಬೇರೇನೂ ಹೊಳೆಯಬಾರದು, ಹೊಳೆದರೆ ಕಣ್ಣು ಅತ್ತ ಓಡುತ್ತದೆ. ಈ ಪಾಠ ನನ್ನ ಕೈಗೆ ಹತ್ತಿಬಿಟ್ಟಿತು. ಇವತ್ತಿಗೂ ಯಾರ ಮನೆಗೆ ಹೋದರೂ ಕಿಟಕಿಯ ಬಳಿಯ ಸ್ಟೀಲ್ ಲೋಟವನ್ನು ಸದ್ದಿಲ್ಲದೆ ಒಳಗೆ ಸರಿಸುತ್ತೇನೆ. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಪಾಠ ಕಲಿಸಿದ್ದು ಪೊಲೀಸರು. ನನ್ನ ಮೊದಲ ಸಾರ್ವಜನಿಕ ಕೆಲಸ ಒಂದು ಫ್ಲೈಓವರಿನ ಹೊಟ್ಟೆಯಡಿ. ಸಂಜೆಯಾದಂತೆ ಒಂದು ಮಸುಕು ಬೆಳಕು ಕಂಬದಿಂದ ಕಂಬಕ್ಕೆ ನಡೆದುಹೋಗಬೇಕು, ಅಷ್ಟೇ. ಅದಕ್ಕೊಂದು ಟೈಮರು, ಟೈಮರಿಗೊಂದು ತಗಡಿನ ಡಬ್ಬಿ. ನಗರದಲ್ಲಿ ಎಲ್ಲ ಕಡೆ 'ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ' ಎಂಬ ಫಲಕ ಹಾಕಿದ್ದ ದಿನಗಳು ಅವು. ನನ್ನ ಡಬ್ಬಿಯ ಸುತ್ತ ಮರಳಿನ ಚೀಲ ಪೇರಿಸಿ, ದೂರ ನಿಂತು, ಇನ್ಸ್‌ಪೆಕ್ಟರು ನನಗೆ ಫೋನು ಮಾಡಿಸಿದರು.

"ಯೇ ಕ್ಯಾ ಹೈ ಮೇಡಂ?"

"ಕಲೆ ಸರ್."

"ಕಲಾ ಟಿಕ್ ಟಿಕ್ ಕರ್ತೀ ಹೈ?"

ಆವತ್ತು ಡಬ್ಬಿ ಬಿಚ್ಚಿ ತೋರಿಸಿ, ಠಾಣೆಯಲ್ಲಿ ಚಹಾ ಕುಡಿದು, ಹೊರಬರುವಾಗ ನಿರ್ಧರಿಸಿದೆ: ಇನ್ನು ಮೇಲೆ ನನ್ನ ಯಾವ ಕೃತಿಯಲ್ಲೂ ಟೈಮರು ಇರುವುದಿಲ್ಲ. ಹಚ್ಚುವುದು ಆರಿಸುವುದು ಆ ಜಾಗದಲ್ಲೇ ಇರುವ ಒಬ್ಬ ಮನುಷ್ಯನ ಕೈ. ಮನುಷ್ಯ ಟಿಕ್ ಟಿಕ್ ಅನ್ನುವುದಿಲ್ಲವಲ್ಲ.

ಇದಾದ ಮೇಲೆ ಬಂತು ಮಯೂರ್ ವಿಹಾರದ ತೊಟ್ಟಿ.

ನಗರದ ದಿನಬಳಕೆಯ ಜಾಗಗಳಲ್ಲಿ ಕಲೆ ಮಾಡುವವರಿಗೆ ಒಂದು ಖಾಸಗಿ ಪ್ರತಿಷ್ಠಾನ ಹಣ ಕೊಡುತ್ತಿತ್ತು. ನಾನು ಬರೆದುಕೊಟ್ಟ ಯೋಚನೆ ಸರಳವಾಗಿತ್ತು. ಒಂದು ವಸತಿ ಸೊಸೈಟಿಯ ನಡುವೆ ನಿಂತಿರುವ ಎತ್ತರದ ನೀರಿನ ತೊಟ್ಟಿ. ಅದರ ಹೊರಮೈಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಸುತ್ತಿ, ಹಿಂದೆ ಚಿಕ್ಕ ಬಲ್ಬುಗಳ ಸಾಲು. ತೊಟ್ಟಿಯೊಳಗೆ ತೇಲುವ ಒಂದು ಚೆಂಡು. ಒಳಗೆ ನೀರು ಎಲ್ಲಿಯವರೆಗಿದೆಯೋ ಹೊರಗೆ ಬೆಳಕೂ ಅಲ್ಲಿಯವರೆಗೆ. ನೀರು ಏರಿದರೆ ಬೆಳಕು ಏರುತ್ತದೆ, ಯಾರಾದರೂ ನಲ್ಲಿ ತಿರುಗಿಸಿದರೆ ಕೂದಲೆಳೆಯಷ್ಟು ಇಳಿಯುತ್ತದೆ. ಎಲ್ಲರೂ ಹಂಚಿಕೊಂಡು ಕುಡಿಯುವ ನೀರು ಎಲ್ಲರಿಗೂ ಕಾಣಬೇಕು, ಆಗ ಜನರಲ್ಲಿ ಒಂದು ಕೂಡುಭಾವ ಹುಟ್ಟುತ್ತದೆ ಎಂದು ನಾನು ಅರ್ಜಿಯಲ್ಲಿ ಬರೆದಿದ್ದೆ. 'ಕೂಡುಭಾವ' ಎಂಬ ಪದವನ್ನು ಆಮೇಲೆ ನಾನೆಲ್ಲೂ ಬಳಸಿಲ್ಲ.

ಸೊಸೈಟಿಯ ಕಾರ್ಯದರ್ಶಿ ಪದ್ಮನಾಭ ರಾಯರು ನಮ್ಮವರೇ, ತುಮಕೂರು ಕಡೆಯವರು, ಯಾವುದೋ ಸಚಿವಾಲಯದಲ್ಲಿ ಅಧಿಕಾರಿ. ಕನ್ನಡದವರ ಒಂದು ಊಟದಲ್ಲಿ ಪರಿಚಯವಾಗಿತ್ತು. ನನ್ನ ಕಡೆ ಇದ್ದವರು ಅವರೇ, ಆದರೆ ಅವರಿಗೂ ಅನುಮಾನ.

"ನೋಡಮ್ಮಾ, ಸರ್ಕಾರಿ ಫೈಲು ನೋಡಿ ನೋಡಿ ಕಣ್ಣು ಹೋಗಿದೆ ನಂಗೆ. ಒಂದೂ ಆಕ್ಷೇಪಣೆ ಇಲ್ದಿರೋ ಫೈಲು ಬಂದ್ರೆ ಮೊದ್ಲು ಅದನ್ನೇ ತಡೆಹಿಡೀತೀನಿ. ನಿನ್ನ ಯೋಜನೇಲಿ ಒಂದು ತಪ್ಪೂ ಕಾಣ್ತಿಲ್ಲ. ಅದೇ ನಂಗೆ ಭಯ."

ಸಮಿತಿಯ ಸಭೆಯಲ್ಲಿ ಖುರಾನಾ ಸಾಹೇಬರು ಎದ್ದರು. ಕರೋಲ್ ಬಾಗ್‌ನಲ್ಲಿ ಬಟ್ಟೆ ಅಂಗಡಿ, ಕುತ್ತಿಗೆಗೆ ಕಂದು ಮಫ್ಲರು. ಸೊಸೈಟಿಯಲ್ಲಿ ಎಲೆ ಉದುರಿದರೂ ಯಾರು ಉದುರಿಸಿದರು ಎಂದು ವಿಚಾರಿಸುವವರು.

"ಮೇಡಂ, ಇಸ್ ಮೇ ಆಪ್‌ಕಾ ಕ್ಯಾ ಫಾಯದಾ?"

ನನಗೆ ಏನೂ ಲಾಭವಿಲ್ಲ ಎಂದೆ.

"ತಬ್ ತೋ ಪಕ್ಕಾ ಕುಛ್ ಹೈ," ಎಂದರು, ಹಾಗಾದರೆ ಏನೋ ಇದ್ದೇ ಇದೆ ಎಂದು ಖಾತ್ರಿಯಾಗಿ ಕೂತರು.

ಅಂತೂ ಹೋಳಿ ಹಬ್ಬದವರೆಗೆ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಭಾಟಿಯಾರ ಬಳಿ ನನ್ನ ಜೊತೆ ದುಡಿದಿದ್ದ ಯೂನಸ್ ಭಾಯ್ ವೈರಿಂಗ್ ಮಾಡಿದ. ನಾನು ಕೆಳಗೆ ನಿಂತು "ಜಾಗ್ರತೆ, ಜಾಗ್ರತೆ" ಎನ್ನುತ್ತಿದ್ದೆ. ಅವನು ಮೇಲಿಂದ, "ಮೇಡಂ, ಆಪ್ ಬೋಲ್ತೀ ಹೋ ತೋ ಹಾಥ್ ಕಾಂಪ್ತಾ ಹೈ," ಎಂದ. ಕೈ ನಡುಗಿಸುತ್ತಿದ್ದದ್ದು ಎತ್ತರವಲ್ಲವಂತೆ, ನಾನಂತೆ. ಚಹಾ ಕುಡಿಯಲು ಕಳಿಸಿಬಿಟ್ಟ.

ಸ್ವಿಚ್ಚು ಯಾರ ಕೈಯಲ್ಲಿ? ತೊಟ್ಟಿಯ ಬುಡದಲ್ಲಿ ಒಂದು ಪಂಪ್‌ರೂಮು, ಅದಕ್ಕಂಟಿದ ಒಂದು ಕೋಣೆ. ಅಲ್ಲಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದವನು ಪಂಪ್ ನಡೆಸುವ ಕಿಶನ್‌ಲಾಲ್. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಮಕ್ಕಳ ಶಾಲೆಯೂ ಹೋಗುತ್ತದೆ. ಹಾಗಾಗಿ ಯಾರು ಏನು ಹೇಳಿದರೂ ಕೈಕಟ್ಟಿ "ಜೀ ಸಾಬ್" ಎನ್ನುವುದು ಅವನ ರೂಢಿ. ಸಂಜೆ ಐದಕ್ಕೆ ಕೊಳಾಯಿ ನೀರು ಬರುತ್ತಿದ್ದಂತೆ ಮೋಟರು ಹಾಕುತ್ತಿದ್ದ. ಈಗ ಅದರ ಜೊತೆ ನನ್ನ ಸ್ವಿಚ್ಚೂ ಒತ್ತಲಿ ಎಂದಾಯಿತು.

ತೊಟ್ಟಿ ತುಂಬಿದ್ದು ಅವನಿಗೆ ಗೊತ್ತಾಗಲು ಅವನದೇ ಒಂದು ಉಪಾಯವಿತ್ತು. ತುಂಬಿ ಹೆಚ್ಚಾದ ನೀರು ಹೊರಬೀಳುವ ಕೊಳವೆಯ ನೇರ ಕೆಳಗೆ, ತೊಟ್ಟಿಯ ಕಾಲಿಗೆ ಒಂದು ತಗಡಿನ ಹಾಳೆ ಕಟ್ಟಿದ್ದ. ಮೊದಲ ಹನಿಗಳು ಬಿದ್ದು ತಗಡು ಟಣ್ ಟಣ್ ಎಂದರೆ ಎಲ್ಲಿದ್ದರೂ ಓಡಿಬಂದು ಮೋಟರು ಆರಿಸುತ್ತಿದ್ದ. ನನ್ನ ಬೆಳಕು ಹತ್ತಿದ ಮೊದಲ ಸಂಜೆ ನನಗೆ ಕಂಡದ್ದೇ ಆ ತಗಡು. ಫಳಫಳ ಹೊಳೆಯುತ್ತಿತ್ತು. ಭಾಟಿಯಾರು ನನ್ನ ಬಾಯಲ್ಲಿ ಮಾತಾಡಿದರು: "ಅದನ್ನ ತೆಗೀರಿ." ಕಿಶನ್‌ಲಾಲನಿಗೂ ಬೇಸರವಾಗಲಿಲ್ಲ. ಬೆಳಕು ತುದಿ ಮುಟ್ಟಿದರೆ ತೊಟ್ಟಿ ತುಂಬಿದಂತೆ, ಇನ್ನು ತಗಡೇಕೆ? ಅದನ್ನು ಬಿಚ್ಚಿ ತನ್ನ ಒಲೆಗೆ ಗಾಳಿಮರೆ ಮಾಡಿಕೊಂಡ.

ಮೊದಲ ಕೆಲವು ದಿನ ನಾನು ಸುಖವಾಗಿದ್ದೆ. ನನ್ನ ಪಾಲಿಗೆ ಅದೊಂದು ಅಸಹಜ ಸ್ಥಿತಿ. ಮಂಜು ಮುಸುಕಿದ ಸಂಜೆಯಲ್ಲಿ ಬೆಳಕು ತೊಟ್ಟಿಯ ಬುಡದಿಂದ ನಿಧಾನವಾಗಿ ಏರುತ್ತಿತ್ತು. ಬಾಲ್ಕನಿಗಳಲ್ಲಿ ಶಾಲು ಹೊದ್ದ ಜನ. "ಚಢ್ ರಹಾ ಹೈ, ಚಢ್ ರಹಾ ಹೈ" ಎಂದು, ಬೆಳಕು ಏರಿದಂತೆಲ್ಲ, ಮಕ್ಕಳ ಕೂಗು.

ಆಮೇಲೆ ಬೆಳಕು ಇಳಿಯತೊಡಗಿತು.

ತುದಿ ಮುಟ್ಟುವುದೇ ತಡ, ಯಾರೋ ಬುಡದಲ್ಲಿ ರಂಧ್ರ ಕೊರೆದಂತೆ ಸರಸರ ಇಳಿಯುತ್ತಿತ್ತು. ರಾತ್ರಿಯೂಟದ ಹೊತ್ತಿಗೆ ನಲ್ಲಿಗಳು ಒಣಗುತ್ತಿದ್ದವು. ಮೊದಲೆಲ್ಲ ಬೆಳಗಿನವರೆಗೆ ಬರುತ್ತಿದ್ದ ನೀರು ಈಗ ಎಲ್ಲಿ ಹೋಗುತ್ತಿದೆ? ಕಳ್ಳನೊಬ್ಬ ಇದ್ದಾನೆ, ಮತ್ತು ಅವನ ಕಳ್ಳತನ ದಿನಾ ಸಂಜೆ ಎಲ್ಲರ ಕಣ್ಣೆದುರು ಬೆಳಕಿನಲ್ಲಿ ಕಾಣುತ್ತಿದೆ. ಸೊಸೈಟಿಯವರು ಪರಸ್ಪರ ನೋಡುವ ನೋಟವೇ ಬದಲಾಯಿತು. ಕಾರು ತೊಳೆದವರನ್ನು ಕಾರಿನ ನಂಬರಿನ ಸಮೇತ ನೆನಪಿಟ್ಟುಕೊಂಡರು. ನೆಂಟರು ಬಂದ ಮನೆಯವರು ನೆಂಟರನ್ನು ಬೇಗ ಕಳಿಸಿದರು. ತಲೆ ಒದ್ದೆ ಮಾಡಿಕೊಂಡು ಲಿಫ್ಟಿನಲ್ಲಿ ಇಳಿಯಲು ಹೆಂಗಸರು ಹಿಂಜರಿದರು. ನನಗೆ ನನ್ನ ಚೆಂಡಿನ ಮೇಲೆಯೇ ಅನುಮಾನ ಬಂದು ಯೂನಸ್‌ನನ್ನು ಮೇಲೆ ಹತ್ತಿಸಿದೆ. "ಬಾಲ್ ಝೂಠ್ ನಹೀ ಬೋಲ್ತೀ," ಎಂದು ಇಳಿದುಬಂದ. ಚೆಂಡು ಸುಳ್ಳು ಹೇಳುತ್ತಿಲ್ಲ, ನೀರು ನಿಜವಾಗಿಯೂ ಇಳಿಯುತ್ತಿದೆ.

ಖುರಾನಾ ಸಾಹೇಬರು ಕಳ್ಳನನ್ನು ಹುಡುಕಿದರು. ಸೊಸೈಟಿಯ ಗೋಡೆಯಾಚೆ ಒಂದು ಗಿಡಗಳ ನರ್ಸರಿ. ಈ ಚಳಿಯಲ್ಲೂ ಅದು ಹಸಿರಾಗಿತ್ತು. ನರ್ಸರಿಯವನು ಕಿಶನ್‌ಲಾಲನಿಗೆ ಆಗಾಗ ಚಹಾ ಕೊಡುತ್ತಿದ್ದ. ಪಂಪ್‌ರೂಮಿನಲ್ಲಿ ವಾಲ್ವುಗಳಿವೆ. ಇನ್ನೇನು ಬೇಕು? ಪುಕ್ಕಟೆ ಚಹಾ ಯಾರು ಕುಡಿಸುತ್ತಾರೆ ಎಂಬುದು ಅವರ ವಾದ.

"ಮುಫ್ತ್ ಕೀ ಚಾಯ್ ಕೌನ್ ಪಿಲಾತಾ ಹೈ ರಾವ್ ಸಾಬ್, ಆಪ್ ಬತಾಯಿಯೇ?"

ಬರುವ ಭಾನುವಾರ ಸಮಿತಿ ಸೇರಿ ಅವನನ್ನು ತೆಗೆದುಹಾಕುವುದು, ಕೋಣೆ ಖಾಲಿ ಮಾಡಿಸುವುದು ಎಂದು ಮಾತಾಯಿತು. ಸಾಕ್ಷಿ ನನ್ನ ಕೃತಿ. ನಾನು ಪಂಪ್‌ರೂಮಿನ ಬಳಿ ಹೋದಾಗ ಕಿಶನ್‌ಲಾಲ್ ಸ್ವಿಚ್ಚು ಒತ್ತುತ್ತಿದ್ದ. ತನ್ನ ಮೇಲೆ ದೂರು ಹೇಳುವ ದೀಪವನ್ನು ದಿನಾ ತಾನೇ ಹಚ್ಚುತ್ತಿದ್ದ. ನನ್ನ ಮುಖ ನೋಡದೆ ಕೇಳಿದ: "ಮೇಡಂ, ಯೇ ಬತ್ತೀ ಸಚ್ ಹೀ ದಿಖಾತೀ ಹೈ ನಾ?"

ನಿಜವನ್ನೇ ತೋರಿಸುತ್ತದೆ ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ.

ಆ ಶುಕ್ರವಾರ ರಾಯರ ಮನೆಗೆ ಹೋದೆ. ಅವರ ಹೆಂಡತಿ ಸರೋಜಮ್ಮ ಅವಲಕ್ಕಿ ಒಗ್ಗರಣೆ ಹಾಕಿ ತಂದರು. ಕಾಲೇಜಿನಲ್ಲಿದ್ದ ಮಗಳು ಪಲ್ಲವಿ ಕಿಟಕಿಯ ಬಳಿ ಕೂತಿದ್ದಳು. ಕಿಶನ್‌ಲಾಲ್ ಕದ್ದಿರಲಾರ ಎಂದು ನಾನು, ಹಾಗಾದರೆ ನೀರು ಹಾರಿಹೋಗುತ್ತದೆಯೇ ಎಂದು ರಾಯರು ವಾದಿಸುತ್ತಿದ್ದೆವು.

"ಮಮ್ಮಾ, ಟಾಪ್ ಆಗೋಯ್ತು," ಎಂದಳು ಪಲ್ಲವಿ, ಕಿಟಕಿಯಿಂದ ಕಣ್ಣು ತೆಗೆಯದೆ.

ಸರೋಜಮ್ಮ ತಟ್ಟೆ ಕೆಳಗಿಟ್ಟು ಎದ್ದರು. "ಒಂದ್ನಿಮಿಷ, ಬಂದೆ." ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ ನೀರು ದಬದಬ ಬೀಳುತ್ತಿತ್ತು. ವಾಪಸು ಬಂದು ಕೈ ಒರೆಸಿಕೊಂಡರು.

"ಎಲ್ಲಿಗೆ ಹೋಗಿದ್ರಿ?" ಎಂದೆ.

"ಡ್ರಮ್ಮಿಗೆ ನೀರು ಬಿಟ್ಟು ಬಂದೆ. ಮೇಲಿನ ಮನೆಯೋರು ಖಾಲಿ ಮಾಡೋದ್ರೊಳಗೆ ನಾವು ತುಂಬಿಸ್ಕೋಬೇಡ್ವಾ?"

"ಮೊದ್ಲೂ ಹೀಗೆ ತುಂಬಿಸ್ತಿದ್ರಾ?"

"ಮೊದ್ಲು ತೊಟ್ಟಿ ಯಾವಾಗ ತುಂಬತ್ತೆ ಅಂತ ಯಾರಿಗ್ ಗೊತ್ತಿತ್ತಮ್ಮಾ? ಈಗ ನೀನು ಲೈಟು ಹಾಕಿ ಪುಣ್ಯ ಕಟ್ಕೊಂಡೆ. ಡ್ರಮ್ಮು ಹೊಸದು, ಹೋದ ತಿಂಗಳು ತಂದಿದ್ದು."

ಆಗ ಕೇಳಿಸಿತು. ಗೋಡೆಯೊಳಗಿನ ಕೊಳವೆ ಗುಂಯ್‌ಗುಡುತ್ತಿತ್ತು. ಮೇಲಿನ ಮನೆಯಲ್ಲಿ ಒಂದು ನಲ್ಲಿ. ಕೆಳಗಿನ ಮನೆಯಲ್ಲಿ ಒಂದು. ಪಕ್ಕದ ಗೋಡೆಯಾಚೆ ಬಕೆಟ್ಟು ಎಳೆದ ಸದ್ದು. ಇಡೀ ಕಟ್ಟಡ ಒಂದೇ ಉಸಿರಿಗೆ ನೀರು ಹೀರುತ್ತಿತ್ತು. ಕಿಟಕಿಯಾಚೆ ನನ್ನ ಬೆಳಕು ನೋಡುನೋಡುತ್ತಲೇ ಇಳಿಯುತ್ತಿತ್ತು.

"ನಮ್ಮನೇಲೂನಾ?" ಎಂದರು ರಾಯರು ಮೆಲ್ಲಗೆ, ಹೆಂಡತಿಯ ಕಡೆ ನೋಡಿ.

"ಮತ್ತೆ ಬೆಳಿಗ್ಗೆ ನಿಮ್ ಸ್ನಾನದ ನೀರು ಆಕಾಶದಿಂದ ಬರತ್ತಾ?"

ಪಲ್ಲವಿ ನಕ್ಕುಬಿಟ್ಟಳು. "ಪಪ್ಪಾ, ಚೋರ್ ತೋ ನಾವೇ ನಿಕ್ಲೇ!"

ಕದ್ದವರು ಯಾರೂ ಇರಲಿಲ್ಲ. ಪಕ್ಕದವನು ತುಂಬಿಕೊಳ್ಳುತ್ತಾನೆಂಬ ಅನುಮಾನದಲ್ಲಿ ಪ್ರತಿ ಮನೆಯವರೂ ತುಂಬಿಕೊಳ್ಳುತ್ತಿದ್ದರು. ತುಂಬಿಕೊಳ್ಳಲು ಹೊತ್ತು ಯಾವುದೆಂದು ನನ್ನ ಬೆಳಕು ಹೇಳಿಕೊಡುತ್ತಿತ್ತು. ಬೆಳಿಗ್ಗೆ ಅರ್ಧ ಡ್ರಮ್ಮು ಹಳಸಿದ ನೀರೆಂದು ಚೆಲ್ಲಿ, ಸಂಜೆ ಮತ್ತೆ ಹೊಸದಾಗಿ ತುಂಬುತ್ತಿದ್ದರು. ಆದರೆ ಸಮಿತಿಯಲ್ಲಿ ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಪ್ರತಿಯೊಬ್ಬರೂ ತಾವು ತುಂಬುವುದು ಒಂದೇ ಬಕೆಟ್ಟು ಎನ್ನುತ್ತಾರೆ. ಒಂದೇ ದಾರಿಯಿತ್ತು. ಒಂದು ಸಂಜೆ ಬೆಳಕು ಹಚ್ಚಬಾರದು. ಯಾರಿಗೂ ಮೊದಲೇ ಸುದ್ದಿ ಕೊಡಬಾರದು. ಆಮೇಲೆ ತೊಟ್ಟಿಯಲ್ಲಿ ನೀರು ನಿಂತಿದೆಯೇ ನೋಡಬೇಕು. ನಿಂತಿದ್ದರೆ ಕಿಶನ್‌ಲಾಲ್ ಉಳಿಯುತ್ತಾನೆ, ನನ್ನ ಕೃತಿ ಹೋಗುತ್ತದೆ. ಹೋಳಿಯವರೆಗೂ ಕಾಯಬೇಕಾಗಿಲ್ಲ.

"ಯೋಚನೆ ಮಾಡಿ ಹೇಳು," ಎಂದರು ರಾಯರು. "ನಿನ್ನ ಕೈಯಾರೆ ನಿನ್ನ ಫೈಲು ಮುಚ್ಚಿಸ್ತಿದೀಯ."

ಯೋಚನೆ ಮಾಡುವುದು ನನ್ನ ದುಡಿಮೆಯ ಅರ್ಧ ಭಾಗ. ಶನಿವಾರವೆಲ್ಲ ಮಾಡಿದೆ. ಬೆಳಕಿಲ್ಲದಿದ್ದರೂ ಜನ ಅಭ್ಯಾಸಬಲದಿಂದ ನಲ್ಲಿ ಬಿಟ್ಟರೆ? ಯೂನಸ್ ಮೇಲೆ ಹತ್ತಿದಾಗ ಏಣಿ ಇಬ್ಬನಿಗೆ ಜಾರಿದರೆ? ನೀರು ನಿಜಕ್ಕೂ ನರ್ಸರಿಗೇ ಹೋಗುತ್ತಿದ್ದರೆ? ಈ ಕೊನೆಯದು ಬಂದಾಗ ನನ್ನ ಮೇಲೆ ನನಗೇ ಜಿಗುಪ್ಸೆಯಾಯಿತು, ಆದರೂ ಬಂತು. ಆ ಸೊಸೈಟಿಯ ಗಾಳಿಯೇ ಹಾಗಾಗಿತ್ತು.

ಭಾನುವಾರ ಸಂಜೆ ಖುರಾನಾ ಸಾಹೇಬರು, ರಾಯರು, ಸಮಿತಿಯ ಇನ್ನೂ ಮೂರ್ನಾಲ್ಕು ಮಂದಿ ತೊಟ್ಟಿಯ ಬುಡದಲ್ಲಿ ನಿಂತರು. ಮಂಗನ ಟೋಪಿ, ಶಾಲು, ಜೇಬಿನಲ್ಲಿ ಕೈ. ನನ್ನ ವಾದ ಕೇಳಿ ಖುರಾನಾ ಅವರಿಗೆ ಹೊಸ ಅನುಮಾನ ಹುಟ್ಟಿತ್ತು: ಕಲಾವಿದೆಯೂ ಕಿಶನ್‌ಲಾಲನೂ ಕೂಡಿಕೊಂಡಿರಬಹುದು. ಹಾಗಾಗಿ ಪರೀಕ್ಷೆಯ ನಿಯಮ ಅವರೇ ಮಾಡಿದರು. ಐದಕ್ಕೆ ಕಿಶನ್‌ಲಾಲ್ ಎಲ್ಲರೆದುರು ಮೋಟರು ಹಾಕಬೇಕು. ಪಂಪ್‌ರೂಮಿಗೆ ಖುರಾನಾ ಬೀಗ ಹಾಕಿ ಚಾವಿ ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ವಾಲ್ವು ಮುಟ್ಟದಂತೆ ಅವನು ಸಮಿತಿಯ ಎದುರೇ ನಿಂತಿರಬೇಕು. ದಿನಾ ನೀರು ಅರ್ಧಕ್ಕಿಳಿಯುವ ಹೊತ್ತಿಗೆ ಯೂನಸ್ ಹತ್ತಿ ನೋಡುತ್ತಾನೆ.

ಹಾಗೇ ನಡೆಯಿತು. ಮೋಟರು ಬೀಗದೊಳಗೆ ಗುರ್ ಎನ್ನುತ್ತಿತ್ತು. ತೊಟ್ಟಿ ಕತ್ತಲಲ್ಲಿ ನಿಂತಿತ್ತು. ಬಾಲ್ಕನಿಗಳಿಂದ ಕೂಗು: "ಆಜ್ ಲೈಟ್ ಕ್ಯೋಂ ನಹೀ ಜಲೀ?" ಜನ ಸ್ವಲ್ಪ ಹೊತ್ತು ಕಾದರು, ಬೇಸತ್ತರು, ಚಳಿಗೆ ಒಳಗೆ ಹೋಗಿ ಟಿವಿ ಹಾಕಿಕೊಂಡರು. ನಾನು ಪಕ್ಕದ ಕಟ್ಟಡದ ಗೋಡೆಗೆ ಕಿವಿಯಿಟ್ಟೆ. ಕೊಳವೆ ಮೌನವಾಗಿತ್ತು.

ಕಿಶನ್‌ಲಾಲ್ ಎರಡು ಸಲ ಬಾಯಿ ತೆರೆದ.

"ಸಾಬ್, ವೋ ಮೋಟರ್..."

"ಚುಪ್! ಮೋಟರ್ ಕೀ ತರಫ್ ದೇಖೇಗಾ ಭೀ ನಹೀ," ಎಂದರು ಖುರಾನಾ.

"ಜೀ ಸಾಬ್." ಮೋಟರಿನ ಕಡೆ ನೋಡದೆ ಕೈಕಟ್ಟಿ ನಿಂತ. ಸ್ವಲ್ಪ ಹೊತ್ತಿಗೆ ಮತ್ತೆ, "ಸಾಬ್, ಟೈಮ್ ಹೋ ಗಯಾ, ಮೋಟರ್ ಬಂದ್..."

"ಬೋಲಾ ನಾ, ಹಿಲನಾ ಮತ್!"

ಅವನು ಕತ್ತೆತ್ತಿ ಮೇಲೆ ನೋಡಿದ. ಆಮೇಲೆ, ಅಲುಗಾಡಬೇಡವೆಂದದ್ದನ್ನು ಎಷ್ಟು ಮೀರಿದರೆ ಸಾಕೆಂದು ಅಳೆದು ನೋಡಿದವನಂತೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿದ. ನನಗೆ ಅದು ಕಂಡಿತು, ಅರ್ಥವಾಗಲಿಲ್ಲ. ನಾನು ಆಗ ಏಣಿ ಜಾರುವುದರ ಬಗ್ಗೆ ಯೋಚಿಸುತ್ತಿದ್ದೆ.

ಈ ಬರಹದ ಮೊದಲಲ್ಲಿ ಕೊಟ್ಟ ಭಯಗಳಲ್ಲಿ ಒಂದೂ ನಿಜವಾಗಲಿಲ್ಲ. ಕೋತಿ ಬರಲಿಲ್ಲ, ಪೊಲೀಸರು ಬರಲಿಲ್ಲ, ತಂತಿ ಕಡಿಯಲಿಲ್ಲ, ಯಾರೂ ಬೀಳಲಿಲ್ಲ. ಕೆಟ್ಟದ್ದು ಒಂದೇ, ಅದೂ ಬಲು ಸಣ್ಣದು. ಟಣ್ ಎನ್ನಬೇಕಾಗಿದ್ದ ಜಾಗದಲ್ಲಿ ತಗಡು ಇರಲಿಲ್ಲ.

ಮೊದಲು ಖುರಾನಾ ಸಾಹೇಬರ ಟೋಪಿಯ ಮೇಲೆ ಒಂದು ಹನಿ ಬಿತ್ತು. ಅವರು ಅನುಮಾನದಿಂದ ಮೇಲೆ ನೋಡಿದರು. ಎರಡನೆಯದು ಕನ್ನಡಕದ ಮೇಲೆ. ಮೂರನೆಯದನ್ನು ಹನಿ ಎನ್ನಲಾಗದು. ಜನವರಿಯ ಆ ತಣ್ಣೀರು, ದಿನಾ ಅಷ್ಟು ಹೊತ್ತಿಗೆ ಕಳುವಾಗುತ್ತಿದ್ದ ನೀರು, ಕೊಳವೆಯ ತುಂಬ ಧುಮುಕಿ ಮಫ್ಲರು, ಶಾಲು, ಮಂಗನ ಟೋಪಿಗಳ ಮೇಲೆ ಸುರಿಯಿತು. ರಾಯರು "ಅಯ್ಯಯ್ಯಪ್ಪಾ" ಎಂದು ಅಪ್ಪಟ ತುಮಕೂರಿನಲ್ಲಿ ಕೂಗಿದರು. ಯೂನಸ್ ನಗು ತಡೆಯಲಾರದೆ ಏಣಿಗೆ ಮುಖ ಒತ್ತಿಕೊಂಡ. ಖುರಾನಾ ಸಾಹೇಬರು ತೋಯ್ದ ಜೇಬುಗಳಲ್ಲಿ ಪಂಪ್‌ರೂಮಿನ ಚಾವಿ ಹುಡುಕುತ್ತಿದ್ದರು. ಯಾವ ಜೇಬಿನಲ್ಲಿಟ್ಟಿದ್ದೆನೆಂಬುದು ಅವರಿಗೆ ಮರೆತಿತ್ತು.

ಕಿಶನ್‌ಲಾಲ್ ಒಣಬಟ್ಟೆಯಲ್ಲಿ, ನೀರಿನಿಂದ ಅರ್ಧ ಹೆಜ್ಜೆ ಈಚೆ, ಕಟ್ಟಿದ ಕೈ ಬಿಚ್ಚದೆ ನಿಂತಿದ್ದ. ಎಲ್ಲರೂ ತನ್ನ ಕಡೆ ತಿರುಗುವವರೆಗೆ ಕಾದ. ಆಮೇಲೆ ಬಹಳ ವಿನಯದಿಂದ ಹೋಗಲು ಅಪ್ಪಣೆ ಕೇಳಿದ:

"ಟಂಕೀ ಭರ್ ಗಯೀ, ಸಾಬ್. ಅಬ್ ಜಾವೂಂ?"